ಎಕ್ಸ್‌ಪೋರ್ಟ್ ಟೇಬಲ್ಲಿಗೆ ಹೊಸದಾಗಿ ಕೂತ ಇಂಟರ್ನ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಒಂದು ದಾಲ್ ಮಿಲ್ಲಿನ ಎಕ್ಸ್‌ಪೋರ್ಟ್ ವಿಭಾಗದಲ್ಲಿದ್ದೇನೆ. ವಿಭಾಗ ಅಂದರೆ ಎರಡು ಮೇಜು, ಒಂದು ಪ್ರಿಂಟರು, ಗೋಡೆಯ ಮೇಲೆ ಮೂರು ದೇಶದ ಟೈಮ್ ತೋರಿಸುವ ಗಡಿಯಾರಗಳು. ಅದರಲ್ಲಿ ಲಂಡನ್ನಿನದು ನಿಂತು ವರ್ಷವಾಯಿತು. ತೊಗರಿ ರಾಶಿ ಶುರುವಾಗುವ ಹೊತ್ತಿಗೆ ಪ್ರತಿ ವರ್ಷ ಇಬ್ಬರೋ ಮೂವರೋ ಇಂಟರ್ನ್‌ಗಳು ಬರುತ್ತಾರೆ. ಸೇಡಂ, ಆಳಂದ, ಸುರಪುರ, ಹುಮನಾಬಾದ್ ಕಡೆಯ ಮಕ್ಕಳು. ಮೊದಲ ವಾರ ಬಾಯಿ ಬಿಡುವುದಿಲ್ಲ. ಎರಡನೇ ವಾರ ಚಹಾದ ಹೊತ್ತಿಗೆ ಒಂದೊಂದೇ ಪ್ರಶ್ನೆ ಹೊರಗೆ ಬರುತ್ತದೆ. ಮಕ್ಕಳು ಬದಲಾಗುತ್ತಾರೆ, ಪ್ರಶ್ನೆ ಮಾತ್ರ ಅವೇ. ನಾನೂ ಒಂದು ಕಾಲಕ್ಕೆ ಬೇರೊಂದು ಕಂಪನಿಯಲ್ಲಿ ಇವೇ ಪ್ರಶ್ನೆ ನುಂಗಿಕೊಂಡು ಕೂತಿದ್ದವಳು. ಅದಕ್ಕೇ ಬರೆದಿಟ್ಟಿದ್ದೇನೆ.

ಅಕ್ಕಾ, ನನಗ ಏನೂ ಬರಲ್ಲ ಅನ್ನೋದು ಆಫೀಸಿನಾಗ ಎಲ್ಲಾರಿಗೂ ಗೊತ್ತಾಗಿಬಿಟ್ರ ಹ್ಯಾಂಗ?

ಗೊತ್ತಾಗಿಯೇ ಇದೆ. ಇಂಟರ್ನ್ ಅಂತ ಕರೆದದ್ದೇ ಅದಕ್ಕೆ. ನೀನು ಮುಚ್ಚಿಡಲಿಕ್ಕೆ ಹೋದಾಗಲೇ ತೊಂದರೆ ಶುರು. ತಲೆಯಾಡಿಸಿ "ಹೌದ್ರಿ ಸರ್, ಆಯ್ತ್ರಿ ಸರ್" ಅನ್ನುತ್ತೀಯಲ್ಲ, ಆಮೇಲೆ ಅದೇ ವಿಷಯವನ್ನು ಗೂಗಲ್‌ನಲ್ಲಿ ಕದ್ದು ಹುಡುಕುತ್ತೀಯಲ್ಲ, ಅಲ್ಲಿ ತಪ್ಪು ಹುಟ್ಟುತ್ತದೆ.

ಮೊದಲ ವಾರ ಕಂಪ್ಯೂಟರ್ ಬಿಟ್ಟು ಮಿಲ್ಲಿನೊಳಗೆ ಹೋಗು. ತೊಗರಿಗೆ ರೋಲರಿನಲ್ಲಿ ಗೀರು ಬೀಳುವುದು, ಎಣ್ಣೆ ಸವರುವುದು, ಅಂಗಳದ ಬಿಸಿಲಿಗೆ ಹರವುವುದು, ಸಿಪ್ಪೆ ಬಿಟ್ಟು ಕಾಳು ಒಡೆಯುವುದು, ಕೊನೆಗೆ ಸಾರ್ಟೆಕ್ಸ್ ಯಂತ್ರ ಬಣ್ಣ ಕೆಟ್ಟ ಬೇಳೆಯನ್ನು ಗಾಳಿಯಿಂದ ಹೊಡೆದು ಹಾಕುವುದು, ಎಲ್ಲ ಕಣ್ಣಿಂದ ನೋಡು. ಚೀಲದೊಳಗೆ ಕೈ ಹಾಕು. ಫಟ್ಕಾ, ಅಂದರೆ ಮೊದಲ ದರ್ಜೆಯ ಬೇಳೆ ಯಾವುದು, ಎರಡನೇ ನಂಬರ್ ಯಾವುದು, ಪಾಲಿಶ್ ಮಾಡಿದ್ದು ಕೈಗೆ ಹೇಗೆ ಜಾರುತ್ತದೆ, ಪಾಲಿಶ್ ಇಲ್ಲದ್ದು ಹೇಗೆ ಹಿಡಿಯುತ್ತದೆ, ಇದನ್ನು ಹಮಾಲರೂ ಆಪರೇಟರೂ ಅರ್ಧ ತಾಸಿನಲ್ಲಿ ತೋರಿಸುತ್ತಾರೆ. ಹೊಟ್ಟು, ಚುನ್ನಿ (ಬೇಳೆಯ ಸಣ್ಣ ಚೂರು, ಪುಡಿ) ಎಲ್ಲಿಗೆ ಹೋಗುತ್ತದೆ ಅಂತಲೂ ಕೇಳು. ದನದ ಮೇವಿಗೆ ಹೋಗುವ ಅದರ ಭಾವ ಏರಿದರೆ ಬೇಳೆಯ ಲೆಕ್ಕವೂ ಅಲುಗಾಡುತ್ತದೆ.

ಹೊರದೇಶದ ಪಾರ್ಟಿ, ಅಂದರೆ ಮಾಲು ಕೊಳ್ಳುವವನು, ಫೋನ್ ಮಾಡಿದರೆ ನಿನ್ನ ಕಂಪನಿಯ ಇತಿಹಾಸ ಕೇಳುವುದಿಲ್ಲ. ತೇವಾಂಶ ಎಷ್ಟು? ನುಚ್ಚು ಎಷ್ಟು? ಬೇರೆ ಕಾಳು, ಕಲ್ಲು ಎಷ್ಟು? ಈ ವರ್ಷದ ರಾಶಿಯೋ ಹೋದ ವರ್ಷದ್ದೋ? 25 ಕೆಜಿ ಚೀಲವೋ 50ರದ್ದೋ? ಹಡಗಿಗೆ ಯಾವತ್ತು ಹಾಕುತ್ತೀರಿ? ಇಷ್ಟೇ. ಈ ಆರಕ್ಕೆ ಉತ್ತರ ಇರುವ ಇಂಟರ್ನ್ ನನ್ನ ಲೆಕ್ಕದಲ್ಲಿ ಅರ್ಧ ಎಕ್ಸಿಕ್ಯೂಟಿವ್.

200 ಮೇಲ್ ಕಳಿಸೀನಿ. ಒಬ್ಬರೂ ಉತ್ತರ ಕೊಟ್ಟಿಲ್ಲ. ತಪ್ಪು ನನ್ನದಾ, ಮಾಲಿಂದಾ?

ಇ-ಮೇಲಿಂದು.

ಎಲ್ಲ ಇಂಟರ್ನ್‌ಗಳ ಮೊದಲ ಮೇಲ್ ಒಂದೇ ತರ ಇರುತ್ತದೆ. ಗೌರವಾನ್ವಿತರೇ, ನಾವು ಭಾರತದ ಅಗ್ರಗಣ್ಯ ಉತ್ಪಾದಕರು, ಉತ್ತಮ ಗುಣಮಟ್ಟ, ಸ್ಪರ್ಧಾತ್ಮಕ ದರ, ನಿಮ್ಮೊಂದಿಗೆ ದೀರ್ಘಕಾಲದ ಸಂಬಂಧ ಬಯಸುತ್ತೇವೆ. ಇಂಥದ್ದು ಅಲ್ಲಿಯವನಿಗೆ ದಿನಕ್ಕೆ ಮೂವತ್ತು ಬರುತ್ತವೆ. ಗಂಜ್‌ನಲ್ಲಿ (ನಮ್ಮೂರಿನ ಸಗಟು ಧಾನ್ಯ ಮಾರುಕಟ್ಟೆ) ಒಬ್ಬ ಅಡತಿ ವ್ಯಾಪಾರಿ ಅಂಗಡಿ ಮುಂದೆ ನಿಂತು "ನಮ್ಮ ಮಾಲು ಭಾಳ ಚಲೋ ಅದರೀ" ಅಂತ ಬರೀ ಕೂಗಿದರೆ ಯಾರು ನಿಲ್ಲುತ್ತಾರೆ? ಒಂದು ಹಿಡಿ ನಮೂನಿ ತೋರಿಸಿದರೆ ನಿಲ್ಲುತ್ತಾರೆ. ಮೇಲ್‌ನಲ್ಲೂ ಹಿಡಿ ಚಾಚು:

"ನಿಮ್ಮ ಅಂಗಡಿಯ ವೆಬ್‌ಸೈಟಿನಲ್ಲಿ 2 ಕೆಜಿ ಮತ್ತು 4 ಕೆಜಿಯ ತೊಗರಿ ಬೇಳೆ ಪ್ಯಾಕೆಟ್ ನೋಡಿದೆ. ನಮ್ಮ ಮಿಲ್ ಕಲಬುರಗಿಯಲ್ಲಿದೆ. ಈ ಜನವರಿ ರಾಶಿಯ, ಪಾಲಿಶ್ ಇಲ್ಲದ, ಸಾರ್ಟೆಕ್ಸ್ ಆದ ಬೇಳೆ ಒಂದು ಕಂಟೇನರಿನಷ್ಟು ಸಿದ್ಧವಿದೆ. ತೇವಾಂಶ ಮತ್ತು ನುಚ್ಚಿನ ಲ್ಯಾಬ್ ವರದಿ ಜೊತೆಗಿಟ್ಟಿದ್ದೇನೆ. ನಾವಾ ಶೇವಾ ಬಂದರಿನ ಎಫ್‌ಒಬಿ ದರ ಬೇಕಿದ್ದರೆ ಇವತ್ತೇ ಕಳಿಸುತ್ತೇನೆ."

ಇಷ್ಟು ಸಾಕು. (ಎಫ್‌ಒಬಿ ಅಂದರೆ ಮಾಲು ಹಡಗೇರುವವರೆಗಿನ ಖರ್ಚು ಸೇರಿದ ದರ, ಲೆಕ್ಕ ಮುಂದೆ ಇದೆ.) ಇದು ಅವನೊಬ್ಬನಿಗೇ ಬರೆದದ್ದು ಅಂತ ಓದಿದವನಿಗೆ ಗೊತ್ತಾಗಬೇಕು. ದಿನಕ್ಕೆ ಇಂಥ ಐದು ಬರೆಯಬಹುದು, ಇನ್ನೂರು ಬರೆಯಲಾಗದು. ಐದೇ ಬರೆ.

ಯಾರಿಗೆ ಬರೆಯಬೇಕು ಅನ್ನುವುದಕ್ಕೆ ಎಚ್‌ಎಸ್ ಕೋಡ್ (ಪ್ರತಿ ಮಾಲಿಗೂ ಜಗತ್ತಿನ ಕಸ್ಟಮ್ಸ್‌ನವರು ಬಳಸುವ ಸಂಖ್ಯೆ) ಹಿಡಿದು ಹೊರಡು. ತೊಗರಿಗೆ ಆರಂಕಿಯ ಕೋಡ್ 071360. 2012ರ ಪರಿಷ್ಕರಣೆಯಲ್ಲಷ್ಟೇ ತೊಗರಿಗೆ ಈ ಸ್ವಂತ ಮನೆ ಸಿಕ್ಕಿತು. ಅದಕ್ಕೂ ಮೊದಲಿನ ಅಂಕಿಗಳಲ್ಲಿ ಬೇರೆ ಕಾಳುಗಳ ಜೊತೆ ಬೆರೆತಿರುತ್ತದೆ. ಟ್ರೇಡ್ ಮ್ಯಾಪ್ ಜಾಲತಾಣ ತೆರೆದರೆ ಯಾವ ದೇಶ ಎಷ್ಟು ತರಿಸಿಕೊಳ್ಳುತ್ತದೆ ಅಂತ ಕಾಣುತ್ತದೆ. ಒಂದು ಎಚ್ಚರಿಕೆ: ಇಡೀ ಕಾಳೂ ಒಡೆದ ಬೇಳೆಯೂ ಇದೇ ಕೋಡಿನಲ್ಲಿ ಬರುತ್ತವೆ. ಹಾಗಾಗಿ ಅಂಕಿ ದೊಡ್ಡದಿದ್ದ ದೇಶಕ್ಕೆಲ್ಲ ಬೇಳೆ ಬೇಕು ಅಂತ ತಿಳಿಯಬೇಡ. ಅಲ್ಲೂ ಮಿಲ್ ಇದ್ದರೆ ಅವರಿಗೆ ಕಾಳೇ ಬೇಕಿರುತ್ತದೆ.

ಇನ್ನು ಹೊತ್ತು ಗೊತ್ತು. ಸೌದಿಯಲ್ಲಿ ಶುಕ್ರವಾರ ಶನಿವಾರ ರಜೆ. ಯುಎಇ 2022ರಿಂದ ಶನಿವಾರ ಭಾನುವಾರಕ್ಕೆ ಬದಲಾಗಿದೆ, ಸರ್ಕಾರಿ ಕಚೇರಿಗಳಿಗೆ ಶುಕ್ರವಾರ ಅರ್ಧ ದಿನ. ಶುಕ್ರವಾರ ಮಧ್ಯಾಹ್ನ ಮೇಲ್ ಕಳಿಸಿ, ಸೋಮವಾರ ಬೆಳಗ್ಗೆ "ಉತ್ತರ ಇಲ್ಲ" ಅಂತ ಅಳುವ ಮಕ್ಕಳನ್ನು ನೋಡಿದ್ದೇನೆ. ಇದು ಗೊತ್ತಾಗಬೇಕಾದರೆ ಎಂಬಿಎ ಬೇಕಿಲ್ಲ, ಬಂದೇ ನವಾಜ್ ದರ್ಗಾದ ರಸ್ತೆಯಲ್ಲಿ ದುಬೈನಿಂದ ರಜೆಗೆ ಬಂದವರನ್ನು ಕೇಳಿದರೂ ಹೇಳುತ್ತಾರೆ.

ನಾನು ಕನ್ನಡ ಮೀಡಿಯಂ. ಇಂಗ್ಲಿಷಿನಾಗ ಫೋನ್ ಬಂದ್ರ ಕೈ ನಡಗ್ತಾವ.

ನಿನಗೊಂದು ಗುಟ್ಟು ಹೇಳುತ್ತೇನೆ. ಗಲ್ಫಿನ ಬೇಳೆ ವ್ಯಾಪಾರದ ಅರ್ಧ ಮಾತು ಹಿಂದಿ, ಉರ್ದುವಿನಲ್ಲೇ ನಡೆಯುತ್ತದೆ. ನಮ್ಮೂರಿನ ಸೂಪರ್ ಮಾರ್ಕೆಟ್ ಬಜಾರಿನಲ್ಲಿ ಬಟ್ಟೆಗೆ ಚೌಕಾಸಿ ಮಾಡುವಾಗ ನಿನ್ನ ಬಾಯಲ್ಲಿ ಬರುತ್ತದಲ್ಲ ದಖ್ಖನಿ, ಅದು ಬೆಂಗಳೂರಿನ ಎಷ್ಟೋ ಇಂಟರ್ನ್‌ಗಳಿಗೆ ಬರುವುದಿಲ್ಲ.

ಇಂಗ್ಲಿಷಿನಲ್ಲೇ ಮಾತಾಡುವಾಗಲೂ ವ್ಯಾಕರಣ ತಪ್ಪಿದರೆ ಯಾರ ಗಂಟೂ ಹೋಗದು. ಹೋಗುವುದು ಅಂಕಿ ತಪ್ಪಿದಾಗ. ಹದಿನೈದೋ ಐವತ್ತೋ ಅನ್ನುವುದು ಫೋನಿನಲ್ಲಿ ಒಂದೇ ತರ ಕೇಳುತ್ತದೆ. ನಮ್ಮ ಲಕ್ಷ, ಕ್ವಿಂಟಲ್ ಅವರಿಗೆ ತಿಳಿಯುವುದಿಲ್ಲ. ಟನ್ನಿನಲ್ಲಿ, ಡಾಲರಿನಲ್ಲಿ ಹೇಳು. ಫೋನ್ ಇಟ್ಟ ಕೂಡಲೇ "ನಾವು ಮಾತಾಡಿದ್ದು ಇದು" ಅಂತ ನಾಲ್ಕು ಸಾಲು ಬರೆದು ಕಳಿಸು. ನಡುಗುವ ಕೈಯಿಂದ ಬರೆದರೂ ಸರಿ.

ಎಫ್‌ಒಬಿ, ಸಿಐಎಫ್ ಎಲ್ಲಾ ಬಾಯಿಪಾಠ ಆಗ್ಯಾವ. ಆದ್ರ ರೇಟ್ ಕೊಡು ಅಂದ್ರ ತಲಿ ಓಡಲ್ಲ.

ಇನ್‌ಕೋಟರ್ಮ್ಸ್ (ಸಾಗಣೆಯ ಯಾವ ಖರ್ಚು, ಯಾವ ಹೊಣೆ ಯಾರದು ಅಂತ ಹೇಳುವ ಅಂತರರಾಷ್ಟ್ರೀಯ ಪದಗಳ ಪಟ್ಟಿ) 2020ರಲ್ಲಿ ಹನ್ನೊಂದು ಪದಗಳಿವೆ. ಪರೀಕ್ಷೆಗೆ ಹನ್ನೊಂದೂ ಬೇಕು, ನಮ್ಮ ಮೇಜಿಗೆ ಮೂರ್ನಾಲ್ಕು ಸಾಕು. ಆದರೆ ಆ ಮೂರ್ನಾಲ್ಕರ ಹಿಂದಿನ ದುಡ್ಡು ಗೊತ್ತಿರಬೇಕು.

ಲೆಕ್ಕ ಕಲಿಯಲಿಕ್ಕೆ ಒಂದು ಉದಾಹರಣೆ. ಇವು ಇವತ್ತಿನ ಭಾವ ಅಲ್ಲ, ಹಿಡಿದುಕೊಂಡ ಅಂಕಿ. ಮಿಲ್ಲಿನಲ್ಲಿ ಬೇಳೆ ಕೆಜಿಗೆ ₹100, ಅಂದರೆ ಟನ್ನಿಗೆ ₹1,00,000. ಚೀಲ, ಪ್ಯಾಕಿಂಗ್ ಟನ್ನಿಗೆ ₹1,500. ಕಲಬುರಗಿಯಿಂದ ಬಂದರಿನವರೆಗೆ ಲಾರಿ ಬಾಡಿಗೆ ಕಂಟೇನರಿಗೆ ₹60,000. ಇಪ್ಪತ್ತಡಿ ಕಂಟೇನರಿನಲ್ಲಿ 24 ಟನ್ ಹಿಡಿದರೆ ಟನ್ನಿಗೆ ₹2,500. ಕಸ್ಟಮ್ಸ್ ಏಜೆಂಟು, ಧೂಮೀಕರಣ, ಸರ್ಟಿಫಿಕೇಟು, ಬಂದರಿನ ಖರ್ಚು ಎಲ್ಲ ಸೇರಿ ಟನ್ನಿಗೆ ₹1,000. ನಮ್ಮ ಲಾಭ ₹3,000. ಒಟ್ಟು ₹1,08,000. ಡಾಲರಿಗೆ ₹90 ಹಿಡಿದರೆ ಟನ್ನಿಗೆ 1,200 ಡಾಲರ್. ಇದು ಎಫ್‌ಒಬಿ. ಇದಕ್ಕೆ ಹಡಗಿನ ಬಾಡಿಗೆ, ವಿಮೆ ಸೇರಿಸಿದರೆ ಸಿಐಎಫ್.

ಈಗ ಡಾಲರ್ ಒಂದೇ ರೂಪಾಯಿ ಇಳಿಯಿತು ಅನ್ನು. ಒಂದು ಕಂಟೇನರಿನ ಬೆಲೆ 28,800 ಡಾಲರ್, ಹಾಗಾಗಿ ₹28,800 ಹೋಯಿತು. ಇಡೀ ಕಂಟೇನರಿನ ಲಾಭವೇ ₹72,000. ಆಫರಿನಲ್ಲಿ "ಈ ದರ ಇಂಥ ದಿನದವರೆಗೆ ಮಾತ್ರ" ಅಂತ ಯಾಕೆ ಬರೆಸುತ್ತಾರೆ ಅನ್ನುವುದು ಈಗ ಹೊಳೆಯಿತಲ್ಲ?

ನನ್ನ ಮೊದಲ ಆಫರಿನ ಕಥೆಯನ್ನೂ ಹೇಳಿಬಿಡುತ್ತೇನೆ. ಆಗ ನಾನಿದ್ದ ಕಂಪನಿಯಲ್ಲಿ ಹಳೆಯ ಎಕ್ಸೆಲ್ ಶೀಟ್ ಒಂದಿತ್ತು. ಅದರಲ್ಲಿ ಲಾರಿ ಬಾಡಿಗೆಯ ಸಾಲು ಖಾಲಿ ಇತ್ತು. ಬಹುಶಃ ಹಿಂದಿನ ಸೌದಾ ಮಿಲ್ ಬಾಗಿಲಲ್ಲೇ ಮುಗಿದಿತ್ತೇನೋ. ನಾನು ನೋಡಲಿಲ್ಲ, ತೋರಿಸಲೂ ಇಲ್ಲ, ದರ ಕಳಿಸಿಬಿಟ್ಟೆ. ಪಾರ್ಟಿ ಹತ್ತೇ ನಿಮಿಷದಲ್ಲಿ ಒಪ್ಪಿಕೊಂಡ. ಚೌಕಾಸಿ ಇಲ್ಲದೆ ಒಪ್ಪಿದನಲ್ಲ ಅಂತ ಅನುಮಾನ ಪಡುವುದು ಬಿಟ್ಟು, ಖುಷಿಯಿಂದ ಎಲ್ಲರಿಗೂ ಪೇಢೆ ಹಂಚಿದೆ. ಸಂಜೆ ಮುನೀಮರು ಕನ್ನಡಕ ಏರಿಸಿ, "ತಂಗೀ, ಲಾರಿ ಯಾರಪ್ಪಂದು?" ಅಂತ ಕೇಳಿದರು. ರಾತ್ರಿ ಊಟ ಸೇರಲಿಲ್ಲ. ಮರುದಿನ ಸಾಹುಕಾರರೇ ಫೋನ್ ಮಾಡಿ ಪಾರ್ಟಿಯ ಹತ್ತಿರ ಅರ್ಧ ಬಾಡಿಗೆ ಒಪ್ಪಿಸಿದರು, ಉಳಿದರ್ಧ ಲಾಭದಲ್ಲಿ ಹೋಯಿತು. ಅವರು ನನಗೆ ಬೈಯಲಿಲ್ಲ, ಅದೇ ದೊಡ್ಡ ಶಿಕ್ಷೆಯಾಯಿತು. ಅವತ್ತಿನಿಂದ ಹೊರಗೆ ಹೋಗುವ ಯಾವ ಅಂಕಿಯನ್ನೂ ಇನ್ನೊಬ್ಬರ ಕಣ್ಣಿಗೆ ಹಾಕದೆ ಕಳಿಸಿಲ್ಲ. ನೀನೂ ಕಳಿಸಬೇಡ.

ಇನ್ನೊಂದು. ಸಿಐಎಫ್ ಅಂದರೆ ಮಾಲು ಅವರ ಬಂದರು ಮುಟ್ಟುವವರೆಗೆ ಹೊಣೆ ನಮ್ಮದೇ ಅಂತ ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಬಾಡಿಗೆ, ವಿಮೆಯ ದುಡ್ಡು ನಾವು ಕಟ್ಟುತ್ತೇವೆ ನಿಜ. ನಷ್ಟದ ಹೊಣೆ ಮಾತ್ರ ಮಾಲು ಇಲ್ಲಿ ಹಡಗೇರಿದಾಗಲೇ ಕೊಳ್ಳುವವನ ಕಡೆ ಹೋಗುತ್ತದೆ. ಕಂಟೇನರ್ ಮಾಲಿಗೆ ಎಫ್‌ಒಬಿಗಿಂತ ಎಫ್‌ಸಿಎ (ಮಾಲನ್ನು ಸಾಗಣೆದಾರನಿಗೆ ಒಪ್ಪಿಸಿದಲ್ಲಿಗೇ ನಮ್ಮ ಹೊಣೆ ಮುಗಿಯುವುದು) ಸರಿ ಅನ್ನುವುದು ಪುಸ್ತಕದ ಮಾತು, ನ್ಯಾಯದ ಮಾತೂ ಹೌದು. ಆದರೆ ಬೇಳೆಯವರ ಬಾಯಲ್ಲಿ ಎಫ್‌ಒಬಿಯೇ ಕೂತಿದೆ.

ನಮ್ಮೂರಿಗೆ ಸಮುದ್ರನೇ ಇಲ್ಲ. ಯಾವ ಬಂದರು ಬರೀಲಿ?

ನಮ್ಮಲ್ಲಿ ಹೆಚ್ಚಿನವರು ಮುಂಬೈ ಪಕ್ಕದ ನಾವಾ ಶೇವಾ ಬರೆಯುತ್ತಾರೆ. ಸೊಲ್ಲಾಪುರ, ಪುಣೆ ದಾರಿ. ಬೀದರಿನವರಿಗೆ ಹೈದರಾಬಾದ್ ಹತ್ತಿರ, ಅಲ್ಲಿ ಸನತ್‌ನಗರದಲ್ಲಿ ಒಳನಾಡು ಕಂಟೇನರ್ ಡಿಪೋ ಇದೆ, ಕಸ್ಟಮ್ಸ್ ಅಲ್ಲೇ ಮುಗಿಸಿ ರೈಲಿಗೆ ಹಾಕಬಹುದು. ಸಿಂಗಪುರ, ಮಲೇಷ್ಯಾದ ಪಾರ್ಟಿ ಚೆನ್ನೈ ಕೇಳಿದರೆ ಗಾಬರಿ ಬೇಡ, ಎರಡೂ ದಾರಿಯ ಬಾಡಿಗೆ ತರಿಸಿ ಹೋಲಿಸು. ನಿನಗೆ ತೋಚಿದ್ದು ಬರೆಯಬೇಡ, ಕಸ್ಟಮ್ಸ್ ಏಜೆಂಟನ್ನು ಕೇಳು.

ತೊಗರಿ ನಾವೇ ಹೊರಗಿಂದ ತರಿಸ್ತೀವಿ ಅಂತಾರ. ಮತ್ತ ನಾನು ಹೊರಗ ಮಾರೋದೇನು?

ನಾಲ್ಕು ವರ್ಷದ ಹಿಂದೆ ಯಾದಗಿರಿಯ ಒಬ್ಬ ಹುಡುಗ ಇದನ್ನು ಕೇಳಿದಾಗ ನಮ್ಮ ಮ್ಯಾನೇಜರೇ ತಡವರಿಸಿದರು. ಒಳ್ಳೆಯ ಪ್ರಶ್ನೆ.

ಹೌದು, ದೇಶಕ್ಕೆ ಬೇಕಾದಷ್ಟು ತೊಗರಿ ದೇಶದಲ್ಲಿ ಬೆಳೆಯುವುದಿಲ್ಲ. ಮ್ಯಾನ್ಮಾರ್, ಮೊಜಾಂಬಿಕ್, ತಾಂಜಾನಿಯಾ, ಮಲಾವಿಗಳಿಂದ ಕಾಳು ಬರುತ್ತದೆ. ಮೊಜಾಂಬಿಕ್ ಜೊತೆ 2016ರಲ್ಲಿ ಸರ್ಕಾರವೇ ಒಪ್ಪಂದ ಮಾಡಿಕೊಂಡಿತು. ರಫ್ತಿನ ಬಾಗಿಲಂತೂ 2006ರಲ್ಲಿ ಮುಚ್ಚಿದ್ದು, ತೊಗರಿಗೆ ಮತ್ತೆ ಪೂರ್ತಿ ತೆರೆದದ್ದು 2017ರಲ್ಲಿ. ಮುಚ್ಚಿದ ಬಾಗಿಲು ಮತ್ತೆ ಮುಚ್ಚಬಹುದು. ಆದ್ದರಿಂದ ಆಫರ್ ಕೊಡುವ ಮುನ್ನ ಡಿಜಿಎಫ್‌ಟಿ (ಕೇಂದ್ರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಜಾಲತಾಣದಲ್ಲಿ ಆ ವಾರದ ಅಧಿಸೂಚನೆ ನೋಡುವುದು ಹಲ್ಲುಜ್ಜಿದಷ್ಟು ಸಹಜವಾಗಬೇಕು.

ಹಾಗಿದ್ದರೆ ಮಾರುವುದು ಯಾರಿಗೆ? ನಮ್ಮವರಿಗೇ. ದುಬೈ, ಲಂಡನ್, ನ್ಯೂಜೆರ್ಸಿಯ ಅಡುಗೆಮನೆಯಲ್ಲಿ ಸಾರಿಗಾಗಿ ಕುದಿಯುವ ಬೇಳೆಯಲ್ಲಿ ಜನ ರುಚಿ ಹುಡುಕುತ್ತಾರೆ, ಬರೀ ಅಗ್ಗದ ದರ ಹುಡುಕುವುದಿಲ್ಲ. ಕಲಬುರಗಿಯ ಕರಿಮಣ್ಣಿನ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿದೆ. ಆ ಹೆಸರನ್ನು ಚೀಲದ ಮೇಲೆ ಹಾಕಬೇಕಾದರೆ ಅಧಿಕೃತ ಬಳಕೆದಾರ ಅಂತ ನೋಂದಣಿ ಬೇಕು, ಸುಮ್ಮನೆ ಅಚ್ಚು ಹಾಕಿಸುವಂತಿಲ್ಲ. ನಿನ್ನ ಕಂಪನಿಗೆ ಅದು ಇದೆಯೋ ಇಲ್ಲವೋ ಮೊದಲು ಕೇಳಿಕೋ. ಇಲ್ಲದಿದ್ದರೆ ಮೇಲ್‌ನಲ್ಲಿ ಆ ಮಾತು ಎತ್ತಬೇಡ. ಆಫ್ರಿಕಾದ ಕಾಳು ತಂದು ಇಲ್ಲಿ ಒಡೆದು "ಗುಲ್ಬರ್ಗಾ ಬೇಳೆ" ಅನ್ನುವವರ ಸಾಲಿಗಂತೂ ಸೇರಲೇಬೇಡ.

ಹಂಗಾಮಿನ ತಿಳಿವೂ ನಿನ್ನ ಬಂಡವಾಳವೇ. ಮುಂಗಾರಿಗೆ ಬಿತ್ತಿ, ಎಳ್ಳ ಅಮಾವಾಸ್ಯೆಯ ಆಸುಪಾಸಿನಲ್ಲಿ ಕಾಯಿ ಬಲಿತು ರಾಶಿಗೆ ಬರುತ್ತದೆ. ಚರಗ ಚೆಲ್ಲಲಿಕ್ಕೆ ಹೊಲಕ್ಕೆ ಹೋದಾಗ ಭಜ್ಜಿ ತಿಂದು ಬರಬೇಡ ಅಂತ ಹೇಳುವುದಿಲ್ಲ, ಜೊತೆಗೆ ಮಾಮಾನ ಹತ್ತಿರ ಕಾಳು ಹೇಗೆ ಕಟ್ಟಿದೆ, ನೆಟೆ ರೋಗ ಬಿದ್ದಿದೆಯೇ ಅಂತಲೂ ಕೇಳಿ ಬಾ. 2022ರಲ್ಲಿ ನೆಟೆ ರೋಗಕ್ಕೆ ಹೊಲಕ್ಕೆ ಹೊಲವೇ ಒಣಗಿತು. ಅದನ್ನು ಕಣ್ಣಾರೆ ಕಂಡು ಬಂದು "ಭಾವ ಏರಬಹುದು, ಬೇಗ ಗಟ್ಟಿ ಮಾಡ್ಕೊಳ್ಳಿ" ಅಂತ ಹಳೆಯ ಪಾರ್ಟಿಗೆ ತಿಳಿಸಿದ ಇಂಟರ್ನ್ ಒಬ್ಬಳನ್ನು ಅವರು ಇವತ್ತಿಗೂ ಹೆಸರು ಹಿಡಿದು ಕೇಳುತ್ತಾರೆ.

ಪಾರ್ಟಿ ಎಲ್‌ಸಿ ಅಂತಾನ, ನಮ್ಮ ಸಾಹೇಬರು ಟಿಟಿ ಅಂತಾರ. ನಡಬರಕ ನಾನು.

ಗಂಜ್‌ನ ಭಾಷೆಯಲ್ಲಿ ಹೇಳುತ್ತೇನೆ. ಟಿಟಿ ಅಂದರೆ ಬ್ಯಾಂಕಿನಿಂದ ಬ್ಯಾಂಕಿಗೆ ನೇರ ರೊಕ್ಕ. ಮುಂಗಡ ಇಷ್ಟು, ಉಳಿದದ್ದು ದಾಖಲೆಯ ನಕಲು ನೋಡಿ. ಎಲ್‌ಸಿ ಅಂದರೆ ಅವನ ಬ್ಯಾಂಕು ನಡುವೆ ನಿಂತು "ಕಾಗದಪತ್ರ ಸರಿ ಇದ್ದರೆ ನಾನೇ ಕೊಡುತ್ತೇನೆ" ಅನ್ನುವುದು. ಆ ಬ್ಯಾಂಕು ಮಾಲನ್ನು ಕಣ್ಣೆತ್ತಿಯೂ ನೋಡದು, ಕಾಗದ ಮಾತ್ರ ನೋಡುತ್ತದೆ. ಇವೆರಡೂ ಇಲ್ಲದ್ದು ಉದ್ರಿ. ಉದ್ರಿ ಕೊಡುವ ಅಧಿಕಾರ ಇಂಟರ್ನ್‌ಗೆ ಇಲ್ಲ. ಆದ್ದರಿಂದ ನಡುಬರಕ ನಿಲ್ಲಬೇಡ, ಎರಡೂ ಕಡೆಯ ಮಾತನ್ನು ಇದ್ದಂತೆ ಮುಟ್ಟಿಸು, ನಿರ್ಧಾರ ಅವರದು.

ಎಲ್‌ಸಿ ಬಂದರೆ ನಿನ್ನ ಕೆಲಸ ಅದನ್ನು ಅಕ್ಷರ ಅಕ್ಷರ ಓದುವುದು. ಎಲ್‌ಸಿಗಳಿಗೆ ಅನ್ವಯಿಸುವ ಅಂತರರಾಷ್ಟ್ರೀಯ ಯುಸಿಪಿ 600 ನಿಯಮದಂತೆ ಬ್ಯಾಂಕಿಗೆ ದಾಖಲೆ ಪರೀಕ್ಷಿಸಲು ಗರಿಷ್ಠ ಐದು ಬ್ಯಾಂಕ್ ಕೆಲಸದ ದಿನ. ಎಲ್‌ಸಿಯಲ್ಲಿ ಬೇರೆ ಹೇಳದಿದ್ದರೆ, ಹಡಗಿಗೆ ಹಾಕಿದ 21 ದಿನದೊಳಗೆ, ಅದೂ ಎಲ್‌ಸಿಯ ಅವಧಿ ಮುಗಿಯುವ ಮುನ್ನ, ನಾವು ದಾಖಲೆ ಒಪ್ಪಿಸಬೇಕು.

ನಮ್ಮ ಊರಿನವರಿಗೆ ಮಾತ್ರ ಬರುವ ತಲೆನೋವು ಒಂದಿದೆ. ಊರಿನ ಹೆಸರು 2014ರ ನವೆಂಬರ್ 1ರಂದು ಗುಲ್ಬರ್ಗಾದಿಂದ ಕಲಬುರಗಿ ಆಯಿತು. ಎಲ್‌ಸಿಯಲ್ಲಿ ನಮ್ಮ ವಿಳಾಸ ಗುಲ್ಬರ್ಗಾ ಅಂತ ಬರುತ್ತದೆ, ನಮ್ಮ ಸರ್ಟಿಫಿಕೇಟಿನಲ್ಲಿ ಕಲಬುರಗಿ ಅಂತ ಇರುತ್ತದೆ. ಮೊದಲ ಸಲ ನೋಡಿದಾಗ ಎದೆ ಧಸಕ್ ಅನ್ನುತ್ತದೆ. ಮಾರುವವರ, ಕೊಳ್ಳುವವರ ವಿಳಾಸ ಹುಬೇಹೂಬು ಒಂದೇ ಇರಬೇಕಿಲ್ಲ, ದೇಶ ಒಂದೇ ಇದ್ದರೆ ಸಾಕು ಅಂತ ಯುಸಿಪಿಯ 14ನೇ ವಿಧಿಯಲ್ಲಿದೆ. ಆದರೆ ಬಿಲ್ ಆಫ್ ಲೇಡಿಂಗಿನಲ್ಲಿ (ಹಡಗು ಕಂಪನಿ ಕೊಡುವ ಸಾಗಣೆ ಪತ್ರ) ಮಾಲು ಪಡೆಯುವವನ ಜಾಗದಲ್ಲಿ ಬರುವ ವಿಳಾಸ ಎಲ್‌ಸಿಯಲ್ಲಿ ಇದ್ದಂತೆಯೇ ಬೇಕು. ಮಾಲಿನ ವಿವರಕ್ಕೂ ಆ ಸಡಿಲ ಇಲ್ಲ. ಎಲ್‌ಸಿಯಲ್ಲಿ "ಗುಲ್ಬರ್ಗಾ ತೂರ್ ದಾಲ್" ಅಂತ ಇದ್ದರೆ ಇನ್‌ವಾಯ್ಸಿನಲ್ಲೂ ಅದೇ ಇರಬೇಕು, ನಿನ್ನ ಊರಭಿಮಾನಕ್ಕೆ ತಿದ್ದಬೇಡ. ತಿದ್ದಲೇಬೇಕು ಅನಿಸಿದರೆ ಮಾಲು ಲೋಡ್ ಆಗುವ ಮುನ್ನ ಪಾರ್ಟಿಗೆ ಹೇಳಿ ಎಲ್‌ಸಿಯನ್ನೇ ತಿದ್ದಿಸು.

ಒಬ್ಬ ಪಾರ್ಟಿ ಹತ್ತು ಕಂಟೇನರ್ ಬೇಕು ಅಂತಾನ, ದರಾನೂ ಕೇಳಲ್ಲ. ಇದು ಖರೇನಾ?

ಖರೆ ಇರಲಾರದು. ಬೇಳೆ ಕೊಳ್ಳುವವನು ಮೊದಲು ಕೇಳುವುದೇ ದರ. ದರ ಕೇಳದವನು ನಿನ್ನಿಂದ ಬೇರೆ ಏನನ್ನೋ ತೆಗೆಯಲಿಕ್ಕೆ ಬಂದಿದ್ದಾನೆ. ಸ್ವಲ್ಪ ದಿನಕ್ಕೆ "ನಮ್ಮ ಸರ್ಕಾರದ ಟೆಂಡರಿಗೆ ನಿಮ್ಮ ಹೆಸರು ನೋಂದಾಯಿಸಲು ಶುಲ್ಕ ಕಟ್ಟಿ" ಅನ್ನುವ ಮೇಲ್ ಬರುತ್ತದೆ. ಅಥವಾ ಸ್ಯಾಂಪಲ್ ಅಂತ ಐವತ್ತು ಕೆಜಿ ಪುಕ್ಕಟೆ ಕೇಳುತ್ತಾನೆ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಹಳೆಯ, ನಂಬಿಗಸ್ತ ಪಾರ್ಟಿಯ ಜೊತೆ ನಡೆಯುವ ಮೇಲ್ ನಡುವೆ ಕಳ್ಳ ನುಸುಳಿ, ನಮ್ಮದೇ ಹೆಸರಿನಲ್ಲಿ "ಬ್ಯಾಂಕ್ ಖಾತೆ ಬದಲಾಗಿದೆ, ಇದಕ್ಕೆ ಹಾಕಿ" ಅಂತ ಬರೆಯುತ್ತಾನೆ. ವಿಳಾಸದಲ್ಲಿ ಒಂದೇ ಅಕ್ಷರ ಆಚೀಚೆ. ಮಾಲು ಹೋಗಿರುತ್ತದೆ, ರೊಕ್ಕ ಕಳ್ಳನಿಗೆ ಮುಟ್ಟಿರುತ್ತದೆ. ಪ್ರತಿ ಪಾರ್ಟಿಗೂ ಮೊದಲ ದಿನವೇ ಹೇಳಿಡು: ನಮ್ಮ ಖಾತೆ ಮೇಲ್ ಮೂಲಕ ಎಂದೂ ಬದಲಾಗದು, ಬದಲಾದರೆ ಫೋನ್ ಮಾಡಿ ಕೇಳಿ. ನಾವು ಹಣ ಕಳಿಸುವಾಗಲೂ ಅದೇ. ಹೊಸ ಮೇಲ್‌ನಲ್ಲಿರುವ ನಂಬರಿಗೆ ಮಾಡಬೇಡ, ಹಳೆಯ ನಂಬರಿಗೆ ಮಾಡು. ಕೈ ತಪ್ಪಿ ಹೋದರೆ ನಾಚಿಕೊಂಡು ಕೂರದೆ ಕೂಡಲೇ ಸಾಹೇಬರಿಗೆ, ಬ್ಯಾಂಕಿಗೆ, ಸೈಬರ್ ಸಹಾಯವಾಣಿ 1930ಕ್ಕೆ.

ಹೊಸ ಪಾರ್ಟಿ ನಿಜವೋ ಸುಳ್ಳೋ ನೋಡಲಿಕ್ಕೆ ನಮ್ಮ ಬ್ಯಾಂಕಿನ ಮೂಲಕ ಅವನ ಬ್ಯಾಂಕಿನ ಅಭಿಪ್ರಾಯ ತರಿಸಬಹುದು. ರಫ್ತಿನ ಬಾಕಿಗೆ ವಿಮೆ ಕೊಡುವ ಸರ್ಕಾರಿ ಇಸಿಜಿಸಿ ಸಂಸ್ಥೆಯೂ ಶುಲ್ಕ ತೆಗೆದುಕೊಂಡು ಪಾರ್ಟಿಯ ಸ್ಥಿತಿಗತಿ ವರದಿ ಕೊಡುತ್ತದೆ. ಆ ದೇಶದ ನಮ್ಮ ರಾಯಭಾರ ಕಚೇರಿಯ ವಾಣಿಜ್ಯ ವಿಭಾಗಕ್ಕೆ ಮೇಲ್ ಬರೆದು ಕೇಳಬಹುದು. ಉತ್ತರ ತಡವಾಗಬಹುದು, ಆದರೆ ಕೇಳಲಿಕ್ಕೆ ದುಡ್ಡಿಲ್ಲ.

ಯಾರೂ ಕಲಿಸಲ್ಲ ಮೇಡಂ. ಕೇಳಿದ್ರ "ಈಗ ಟೈಮಿಲ್ಲ" ಅಂತಾರ.

ಹಂಗಾಮಿನಲ್ಲಿ ನಿಜವಾಗಿಯೂ ಟೈಮ್ ಇರುವುದಿಲ್ಲ. ಆದರೆ ನೀನು ಕೇಳುವ ರೀತಿಯೂ ನೋಡಿಕೋ. "ಸರ್, ಶಿಪ್ಪಿಂಗ್ ಬಿಲ್ ಅಂದ್ರೇನ್ರಿ?" ಅಂದರೆ ಅವರಿಗೆ ಅರ್ಧ ತಾಸಿನ ಪಾಠ. "ಸರ್, ಈ ಶಿಪ್ಪಿಂಗ್ ಬಿಲ್ಲಿನಾಗ ತೂಕ 24 ಅದ, ಪ್ಯಾಕಿಂಗ್ ಲಿಸ್ಟಿನಾಗ 24.1 ಅದ, ಚೀಲದ ತೂಕ ಸೇರಿದ್ದಕ್ಕೇನ್ರಿ?" ಅಂದರೆ ಅರ್ಧ ನಿಮಿಷದ ಉತ್ತರ, ಮೇಲೆ ಒಂದು ಮೆಚ್ಚುಗೆಯ ನೋಟ. ಹಳೆಯ ಫೈಲ್ ಒಂದನ್ನು ಪೂರ್ತಿ ಬಿಚ್ಚಿ, ಮೊದಲ ಮೇಲ್‌ನಿಂದ ರೊಕ್ಕ ಬಂದ ದಿನದವರೆಗೆ ಓದು. ಒಂದು ಮುಗಿದ ಸೌದಾದ ಫೈಲ್ ಹತ್ತು ಕ್ಲಾಸಿಗೆ ಸಮ.

ಮುನೀಮರನ್ನು ಮರೆಯಬೇಡ. ಹೊಸ ಮಕ್ಕಳು ಅವರನ್ನು ಕಿರ್ದಿ ಬರೆಯುವ ಮುದುಕರು ಅಂದುಕೊಳ್ಳುತ್ತಾರೆ. ಯಾವ ಪಾರ್ಟಿ ಯಾವ ವರ್ಷ ಏನು ತಕರಾರು ತೆಗೆದ ಅನ್ನುವುದು ಅವರ ತಲೆಯಲ್ಲಿದೆ, ಯಾವ ಸಾಫ್ಟ್‌ವೇರಿನಲ್ಲೂ ಇಲ್ಲ.

ಪಾರ್ಟಿಯೇ ನಿನ್ನನ್ನು ಗೊತ್ತಿಲ್ಲದ್ದು ಕೇಳಿದರೆ "ನಿಮ್ಮ ಟೈಮ್ ನಾಲ್ಕು ಗಂಟೆಗೆ ಹೇಳುತ್ತೇನೆ" ಅನ್ನು. ನಾಲ್ಕಕ್ಕೆ ಹೇಳು. ಉತ್ತರ ಸಿಗದಿದ್ದರೂ "ಇನ್ನೂ ಸಿಕ್ಕಿಲ್ಲ, ನಾಳೆ ಹತ್ತಕ್ಕೆ" ಅಂತ ನಾಲ್ಕಕ್ಕೇ ಹೇಳು.

ಮೂರು ತಿಂಗಳಾಗ ಒಂದು ಆರ್ಡರ್ ತರಲೇಬೇಕಂತ. ಆಗ್ತದಾ?

ಹೊಸ ಪಾರ್ಟಿಯಿಂದ ಮೂರು ತಿಂಗಳಲ್ಲಿ ಒಂದು ಕಂಟೇನರ್ ಬಂದರೆ ಅದು ಅದೃಷ್ಟ. ಸ್ಯಾಂಪಲ್ ಹೋಗಬೇಕು, ಅವನು ಬೇಯಿಸಿ ನೋಡಬೇಕು, ಲ್ಯಾಬಿಗೆ ಕಳಿಸಬೇಕು, ಹಳೆಯ ಸ್ಟಾಕ್ ಖಾಲಿಯಾಗಬೇಕು. ಯುರೋಪಿನವನಾದರೆ ಕೀಟನಾಶಕದ ಉಳಿಕೆ ನೋಡುತ್ತಾನೆ; ಅಲ್ಲಿ ಬೇರೆ ಮಿತಿ ಗೊತ್ತುಪಡಿಸದ ಕೀಟನಾಶಕಕ್ಕೆ ಕೆಜಿಗೆ 0.01 ಮಿಲಿಗ್ರಾಂ ಅಷ್ಟೇ ಲೆಕ್ಕ. ಇಂಟರ್ನ್‌ಗೆ ಇಂಥ ಟಾರ್ಗೆಟ್ ಕೊಡುವ ಕಂಪನಿ ವ್ಯಾಪಾರ ಗೊತ್ತಿಲ್ಲದ್ದು, ಇಲ್ಲವೇ ಸ್ಟೈಪೆಂಡ್ ಕೊಡದಿರಲು ನೆಪ ಹುಡುಕುತ್ತಿರುವುದು. ಎಷ್ಟು ಸರಿಯಾದ ವಿಚಾರಣೆ ಬಂತು, ಎಷ್ಟು ಸ್ಯಾಂಪಲ್ ಹೋಯಿತು ಅನ್ನುವುದನ್ನು ಟಾರ್ಗೆಟ್ ಮಾಡಿ ಅಂತ ಕೇಳಿಕೋ, ಬರಹದಲ್ಲಿ ಪಡೆ. ಸ್ಯಾಂಪಲ್ಲಿನ ಕೊರಿಯರ್ ದುಡ್ಡು ನಿನ್ನ ಕಿಸೆಯಿಂದ ಹಾಕು ಅಂದರೆ ಹಾಕಬೇಡ. ಒಂದು ಸಲವೂ.

ಅಮೆರಿಕದ ಫೋನ್ ರಾತ್ರಿ ಬರ್ತಾವ. ಮನ್ಯಾಗ ಬೈತಾರ.

ದುಬೈ ನಮಗಿಂತ ಒಂದೂವರೆ ತಾಸು ಹಿಂದೆ, ಅಲ್ಲಿಯ ಕೆಲಸ ನಮ್ಮ ಆಫೀಸ್ ಹೊತ್ತಿನಲ್ಲೇ ಆಗುತ್ತದೆ. ನ್ಯೂಯಾರ್ಕಿನ ಬೆಳಗಿನ ಒಂಬತ್ತು ಅಂದರೆ ನಮಗೆ ಬೇಸಿಗೆಯಲ್ಲಿ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ವಾರಕ್ಕೆ ಒಂದು ದಿನ ಗೊತ್ತು ಮಾಡಿ ಅಲ್ಲಿಯವರನ್ನೆಲ್ಲ ಆ ಸಂಜೆಗೇ ಕೂಡಿಸು. ಹೆಣ್ಣುಮಕ್ಕಳಿಗೆ ವಿಶೇಷವಾಗಿ: ಆಫೀಸಿನ ಸಿಮ್ ಕೇಳಿ ಪಡೆಯಿರಿ, ಸ್ವಂತ ನಂಬರ್ ಯಾವ ಪಾರ್ಟಿಗೂ ಬೇಡ. ವಾಟ್ಸಾಪಿನಲ್ಲಿ ಬೇಳೆಯ ಮಾತು ಬಿಟ್ಟು ಬೇರೆ ಮಾತು ಬಂದರೆ ಸ್ಕ್ರೀನ್‌ಶಾಟ್ ತೆಗೆದು ಮೇಲಿನವರಿಗೆ ಕಳಿಸಿ, ಆ ಪಾರ್ಟಿಯನ್ನು ಬೇರೆಯವರಿಗೆ ಕೊಡಿಸಿ. ಆರ್ಡರ್ ಹೋದೀತು ಅಂತ ಸಹಿಸಬೇಡಿ.

ಮನೆಯವರ ಮಾತೋ? ನಮ್ಮವ್ವನೂ "ತೊಗರಿ ಬ್ಯಾಳಿ ಮಾರಾಕ ಎಂಬಿಎ ಯಾಕ ಬೇಕಿತ್ತು, ನಿಮ್ಮಜ್ಜ ನಾಕನೇತ್ತ ಓದಿ ಮಾರತಿದ್ದ" ಅನ್ನುತ್ತಿದ್ದಳು. ಉತ್ತರ ಇವತ್ತಿಗೂ ಸಿಕ್ಕಿಲ್ಲ.

ನಾನು ಬೀದರಿನಾಗ ಬಿದ್ರಿ ಕಂಪನಿಯಾಗಿದ್ದೀನಿ. ಇದೆಲ್ಲಾ ನನಗೂ ಲಾಗೂನಾ?

ಮಾಲು ತಿಳಿದುಕೊಳ್ಳುವುದು ಲಾಗು, ಕಂಟೇನರ್ ಲೆಕ್ಕ ಅಷ್ಟಾಗಿ ಇಲ್ಲ. ಬಿದ್ರಿ ಹೋಗುವುದು ಸಣ್ಣ ಪೆಟ್ಟಿಗೆಯಲ್ಲಿ, ವಿಮಾನದಲ್ಲಿ ಅಥವಾ ಅಂಚೆಯಲ್ಲಿ. ಅಂಚೆ ಇಲಾಖೆಯ ಡಾಕ್ ಘರ್ ನಿರ್ಯಾತ್ ಕೇಂದ್ರಗಳು ಇಂಥದ್ದಕ್ಕೇ ಇವೆ. ಕೊಳ್ಳುವವನು ಕಥೆ ಕೇಳುತ್ತಾನೆ: ಸತು, ತಾಮ್ರದ ಎರಕ, ಬೆಳ್ಳಿಯ ಕುಸುರಿ, ಕೋಟೆಯ ಮಣ್ಣಿನಿಂದ ಬರುವ ಕಪ್ಪು. ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಆದರೆ ಅವರ ಹೆಸರು ಹೇಳಿ ಬೇರೆಯವರ ಮಾಲು ಮಾರಬೇಡ. ಕಪ್ಪು ಬಣ್ಣ ಮಾಸಿದರೆ ಏನು ಮಾಡಬೇಕು ಅಂತ ಕುಶಲಕರ್ಮಿಯನ್ನು ಕೇಳಿ ಬರೆದಿಟ್ಟುಕೋ, ಆ ಪ್ರಶ್ನೆ ಬಂದೇ ಬರುತ್ತದೆ. ಶಹಾಬಾದ್ ಕಲ್ಲಿನವರಿಗೆ ಒಂದೇ ಮಾತು: ಕಟ್ಟಿಗೆಯ ಪೆಟ್ಟಿಗೆಗೆ ಐಎಸ್‌ಪಿಎಂ 15ರ ಮುದ್ರೆ (ಕಟ್ಟಿಗೆಗೆ ಕೀಟ ಹರಡದಂತೆ ಸಂಸ್ಕಾರ ಆಗಿದೆ ಅನ್ನುವ ಗುರುತು) ಇಲ್ಲದಿದ್ದರೆ ಕಲ್ಲು ಎಷ್ಟೇ ಚೆಂದ ಇರಲಿ, ಮಾಲು ಇಳಿಯುವ ಬಂದರಿನಲ್ಲೇ ತಡೆಯುತ್ತಾರೆ.

ಬಿಟ್ಟು ಹೋಗ್ಲಾ? ದಿನಾ ಅಳು ಬರ್ತದ.

ಅಳು ಬರುವುದಕ್ಕೆ ಕಾರಣ ಕೆಲಸ ಬಾರದಿರುವುದೋ, ಮನುಷ್ಯರೋ, ನೋಡು. ಕೆಲಸ ಬಾರದ್ದಾದರೆ ಒಂದು ಸೌದಾ ಪೂರ್ತಿ ಮುಗಿಯುವವರೆಗೆ ಇರು, ನಿನ್ನದಲ್ಲದಿದ್ದರೂ ಸರಿ. ಮನುಷ್ಯರಾದರೆ, ಅಂದರೆ ಸುಳ್ಳು ಮೇಲ್ ಬರೆಸುವುದು, ಒಂದು ಸ್ಯಾಂಪಲ್ ತೋರಿಸಿ ಬೇರೆ ಮಾಲು ತುಂಬಿಸುವುದು, ಕೊಡುತ್ತೇವೆ ಅಂದ ಸ್ಟೈಪೆಂಡ್ ಕೊಡದಿರುವುದು, ಇವತ್ತೇ ಬಿಡು. ಅಂಥಲ್ಲಿ ಕಲಿತದ್ದನ್ನು ಮುಂದೆ ಕಷ್ಟಪಟ್ಟು ಮರೆಯಬೇಕಾಗುತ್ತದೆ.

ಅಕ್ಕಾ, ಆರ್ಡರ್ ಬಂತು! ಈಗ?

ಪೇಢೆ ಆಮೇಲೆ. ಮಾಲು, ದರ, ಶರತ್ತು ಬರೆದ ಮುಂಗಡ ಬಿಲ್ಲು, ಅಂದರೆ ಪ್ರೊಫಾರ್ಮಾ ಇನ್‌ವಾಯ್ಸನ್ನು ಮುನೀಮರಿಗೆ ತೋರಿಸು, ಸಾಹೇಬರ ಸಹಿ ಹಾಕಿಸು, ಪಾರ್ಟಿಯ ಸಹಿಯಾಗಿ ವಾಪಸ್ ಬರಲಿ. ಮುಂಗಡ ಖಾತೆಗೆ ಬಿದ್ದದ್ದನ್ನು ಬ್ಯಾಂಕಿನಿಂದ ಕೇಳಿ ತಿಳಿ, ಪಾರ್ಟಿ ಕಳಿಸಿದ ರಸೀದಿಯ ಫೋಟೋ ನಂಬಬೇಡ. ಲೋಡಿಂಗ್ ದಿನ ಮಿಲ್ಲಿನಲ್ಲೇ ಇರು. ಕಂಟೇನರ್ ಒಳಗೆ ಹೊಕ್ಕು ಬಾಗಿಲು ಹಾಕಿಸಿ, ಎಲ್ಲಾದರೂ ಬೆಳಕು ಸೋರುತ್ತದೆಯೇ ನೋಡು. ಬೆಳಕು ಬಂದಲ್ಲಿ ನೀರೂ ಬರುತ್ತದೆ. ಖಾಲಿ ಇದ್ದಾಗ, ಅರ್ಧ ತುಂಬಿದಾಗ, ಸೀಲ್ ಹಾಕಿದಾಗ ಫೋಟೋ ತೆಗೆ, ಸೀಲ್ ನಂಬರ್ ಕಾಣುವಂತೆ. ಚೀಲ ಏರುತ್ತಿರುವಾಗ ಅಲ್ಲೊಂದು ಇಲ್ಲೊಂದು ಚೀಲದಿಂದ ಹಿಡಿ ಹಿಡಿ ಬೇಳೆ ತೆಗೆದು, ಕೂಡಿಸಿ, ಅರ್ಧ ಕೆಜಿ ಪೊಟ್ಟಣ ಕಟ್ಟಿ, ತಾರೀಖು, ಕಂಟೇನರ್ ನಂಬರ್ ಬರೆದು ಕಪಾಟಿನಲ್ಲಿಡು. ಮಾಲು ಮುಟ್ಟಿದ ಮೇಲೆ "ನೀವು ತೋರಿಸಿದ ಬೇಳೆ ಇದಲ್ಲ" ಅಂತ ಮೇಲ್ ಬಂದರೆ ಆ ಪೊಟ್ಟಣ ಬಿಚ್ಚಬೇಕು. ಇಲಿ ಮುಟ್ಟದ ಡಬ್ಬಿಯಲ್ಲಿಡು. ಒಂದು ವರ್ಷ ನಮ್ಮದನ್ನು ಇಲಿ ತಿಂದಿತ್ತು.